ವಾಲಿದ ಕವಡೆಯ ನ್ಯಾಯ

ಯಾದಗಿರಿ, ಶಹಾಪುರ, ಸುರಪುರದ ಓಣಿಗಳಲ್ಲಿ ಬೇಸಿಗೆಯ ಮಧ್ಯಾಹ್ನ ಚೌಕಾಬಾರಾ ಹಾಕಿಕೊಂಡು ಕೂತವರ ಪಕ್ಕದಲ್ಲಿ ಹಾದು ಹೋದರೆ ಮೂರು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಒಂದು, ‘ಗರ ಹಾಕು’. ಇನ್ನೊಂದು, ‘ಕಡಿ, ಕಡಿ’. ಮೂರನೆಯದು, ‘ನಮ್ಮ ಕಡಿ ಹಂಗಿಲ್ಲ’. ಮೊದಲೆರಡು ಮಾತಿಗೆ ಆಟ ಮುಂದೆ ಸಾಗುತ್ತದೆ. ಮೂರನೆಯದು ಬಂತೆಂದರೆ ಆಟ ನಿಂತು ಪಂಚಾಯ್ತಿ ಶುರುವಾಗುತ್ತದೆ. ಈ ಬರಹ ಆ ಪಂಚಾಯ್ತಿಯ ವಿಮರ್ಶೆ. ಚೌಕಾಬಾರಾ ಎಷ್ಟು ಹಳೆಯದು, ಅದರಿಂದ ಮಕ್ಕಳ ಲೆಕ್ಕ ಹೇಗೆ ಚುರುಕಾಗುತ್ತದೆ ಎಂದೆಲ್ಲ ಹೊಗಳುವವರು ಬಹಳ ಜನ ಇದ್ದಾರೆ. ತಕರಾರು ಬಿದ್ದಾಗ ನಮ್ಮ ಕಟ್ಟೆ, ಪಡಸಾಲೆಗಳು ಅದನ್ನು ಹೇಗೆ ಫೈಸಲ್ ಮಾಡುತ್ತವೆ, ಆ ಫೈಸಲ್ ಎಷ್ಟು ನೆಟ್ಟಗಿದೆ ಎಂದು ಕೇಳುವವರು ಕಡಿಮೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಂಗಳದ ಶಹಾಬಾದಿ ಪರಸಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಐದಕ್ಕೆ ಐದರಂತೆ 25 ಮನೆ ಬರೆಯುತ್ತಾರೆ. ನಾಲ್ಕು ಬದಿಯ ನಡುಮನೆಗೂ ನಟ್ಟನಡುವಿನ ಮನೆಗೂ ಕತ್ತರಿ ಗುರುತು ಹಾಕುತ್ತಾರೆ. ಅವು ಗಟ್ಟಿ ಮನೆ, ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಚೂರು, ಹತ್ತಿಕಾಳು, ತೊಗರಿಕಾಳು, ಸೋಡಾ ಬಾಟಲಿ ಮುಚ್ಚಳ, ಕೈಗೆ ಸಿಕ್ಕಿದ್ದೇ ಕಾಯಿ. ಗರ ಹಾಕಲು ನಾಲ್ಕು ಕವಡೆ. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬಿಳಿ ಮಾಡಿಕೊಳ್ಳುತ್ತಾರೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇವೆರಡಕ್ಕೂ ಇನ್ನೊಂದು ಗರದ ಇನಾಮು ಉಂಟು. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದರ ಎದುರು ದಿಕ್ಕಿಗೆ. ಎದುರಾಳಿಯ ಒಂದಾದರೂ ಕಾಯಿ ಕಡಿಯದವರಿಗೆ ಒಳಸುತ್ತಿನ ಬಾಗಿಲು ತೆರೆಯುವುದಿಲ್ಲ. ಹೊರಟ ಕಾಯಿ 24 ಹೆಜ್ಜೆ ನಡೆದು ನಡುಮನೆ ಮುಟ್ಟಿತೆಂದರೆ ಹಣ್ಣಾಯಿತು. ನಾಲ್ಕನ್ನೂ ಮೊದಲು ಹಣ್ಣು ಮಾಡಿದವರು ಗೆದ್ದರು.

ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಇದರಾಚೆಗಿನದೆಲ್ಲ ಒಂದೊಂದು ಮನೆಯಲ್ಲಿ ಒಂದೊಂದು ಥರ. ಒಬ್ಬರದೇ ಎರಡು ಕಾಯಿ ಒಂದು ಮನೆಯಲ್ಲಿ ಕೂತು ಜೋಡಿಯಾದರೆ ಒಂಟಿ ಕಾಯಿ ಅದನ್ನು ಕಡಿಯಬಹುದೋ? ಕಡಿದವರಿಗೆ ಇನ್ನೊಂದು ಗರ ಉಂಟೋ? ಬೆನ್ನುಬೆನ್ನಿಗೆ ಮೂರು ಸಲ ಚೌಕವೋ ಬಾರವೋ ಬಿದ್ದರೆ ಅದು ಸುಟ್ಟಂತೆಯೋ, ಅಂದರೆ ರದ್ದೋ? ಹಣ್ಣಾಗಲು ಎರಡು ಬೇಕಿದ್ದಾಗ ಮೂರು ಬಿದ್ದರೆ ಕಾಯಿ ಕದಲುವಂತಿಲ್ಲವೋ? ಪ್ರತಿ ಮನೆಗೂ ಇದಕ್ಕೆಲ್ಲ ಉತ್ತರ ಗೊತ್ತಿದೆ. ಉತ್ತರ ಗೊತ್ತಿರುವುದೇ ಜಗಳದ ಮೂಲ.

‘ನಮ್ಮ ಕಡಿ’ ಅನ್ನುವಾಗ ಆ ಕಡೆಯ ಗಡಿ ಎಲ್ಲಿಗೆ ಮುಗಿಯುತ್ತದೆ? ಈ ನೆಲ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಗುವ ತನಕ ಮೂರೂ ಊರು ಗುಲಬರ್ಗಾ ಜಿಲ್ಲೆಯವು. ಶಹಾಪುರ, ಸುರಪುರದ ಜನ ತಮ್ಮದು ಸಗರನಾಡು ಎಂದು ಬೇರೆ ಹೇಳಿಕೊಳ್ಳುತ್ತಾರೆ. ಚೌಕಾಬಾರಾದ ನಿಯಮ ಇಂಥ ಯಾವ ಗಡಿಗೂ ಸೊಪ್ಪು ಹಾಕುವುದಿಲ್ಲ. ಅದು ಸೀರೆಯ ಗಂಟಿನ ಜೊತೆ ಮದುವೆಯಾಗಿ ಹೋಗುತ್ತದೆ. ‘ನಮ್ಮ ಕಡಿ’ ಅಂದರೆ ಹೆಚ್ಚಿನ ಸಲ ‘ನಮ್ಮ ತವರಾಗ’ ಎಂದೇ ಲೆಕ್ಕ. ಹಾಗಾಗಿ ಒಂದೇ ಓಣಿಯ ಎರಡು ಮನೆಗಳಲ್ಲಿ ಎರಡು ನಿಯಮ ಇರುವುದು, ನದಿಯಾಚೆಯ ಯಾವುದೋ ಹಳ್ಳಿಯಲ್ಲಿ ಅದರಲ್ಲೊಂದು ಹಾಗೇ ಸಿಗುವುದು ಸೋಜಿಗವೇನಲ್ಲ. ಸುರಪುರದಲ್ಲಿ 1841ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಪೊಲಿಟಿಕಲ್ ಏಜೆಂಟ್ ಆಗಿದ್ದ ಮೆಡೋಸ್ ಟೇಲರ್ ಸಂಸ್ಥಾನದ ವ್ಯಾಜ್ಯಗಳ ಬಗ್ಗೆ ಪುಟಗಟ್ಟಲೆ ಬರೆದಿಟ್ಟ. ಅರಮನೆಯ ಆಚೆ ಪಡಸಾಲೆಗಳಲ್ಲಿ ಹೆಂಗಸರು ನಡೆಸಿದ ಕವಡೆಯ ವ್ಯಾಜ್ಯ ಬರೆದಿಡುವ ಪೊಲಿಟಿಕಲ್ ಏಜೆಂಟ್ ಇರಲಿಲ್ಲ.

ಹೀಗೆ ಬಂದ ಎರಡು ನಿಯಮ ಒಂದಕ್ಕೊಂದು ಡಿಕ್ಕಿ ಹೊಡೆದಾಗ ಹುಟ್ಟುವ ತಕರಾರಿನ ಮಜಾನೇ ಬೇರೆ. ಸುರಪುರದ ಒಂದು ಮನೆ. ಶ್ರಾವಣ, ನಾಗರಪಂಚಮಿಯ ಮರುದಿನ. ಉಂಡು ಮುಸುರೆ ತೊಳೆದ ಮೇಲೆ ಪಡಸಾಲೆಯಲ್ಲಿ ಆಟ ಕೂಡಿದೆ. ಅತ್ತೆ, ಶಹಾಪುರದ ಕಡೆಯಿಂದ ಬಂದ ಸೊಸೆ, ಪಕ್ಕದ ಮನೆಯಾಕೆ, ಸಾಲಿಗೆ ಹೋಗುವ ಮೊಮ್ಮಗಳು. ಸೊಸೆಗೆ ಮೊದಲು ಬಾರ ಬಿತ್ತು, ಎಂಟು ಮನೆ ನಡೆಸಿದಳು. ಇನಾಮಿನ ಗರಕ್ಕೆ ಚೌಕ ಬಿತ್ತು. ಆ ನಾಲ್ಕರಲ್ಲಿ ಅತ್ತೆಯ ಕಾಯಿಯನ್ನು ಕಡಿದಳು. ಹೊರಸುತ್ತು ಮುಗಿಸಿ ಒಳಗೆ ಕಾಲಿಡಲು ಒಂದೇ ಮನೆ ಉಳಿದಿದ್ದ ಕಾಯಿ ಅದು. ಮತ್ತೆ ಗರ ಹಾಕಿದಳು. ಮತ್ತೆ ಬಾರ.

‘ಮೂರಾತು, ಸುಟ್ಟುಹೋತು. ನನ್ನ ಕಾಯಿ ತಿರುಗಿ ಇದ್ದಲ್ಲಿ ಇಡು’ ಅಂದಳು ಅತ್ತೆ.

‘ಮೂರೆಲ್ಲಿ ಆದ್ವುರೀ ಅತ್ತಿ? ಎರಡನೇದಕ್ಕ ಕಡದೀನಿ. ಈಗ ಹಾಕಿದ್ದು ಕಡದ ಗರ. ಅದರ ಲೆಕ್ಕ ಬ್ಯಾರೆ.’

‘ನಮ್ಮ ಮನ್ಯಾಗ ಹಂಗಿಲ್ಲವ್ವ.’

‘ನಮ್ಮ ತವರಾಗ ಹಂಗೇ ಅದರಿ.’

ಪಕ್ಕದ ಮನೆಯಾಕೆ ನಡುವೆ ಬಂದಳು. ‘ಬಿಡ್ರೆವ್ವ, ಯಾಕ ಸುಮ್ನ ಜಗಳ? ಇನ್ನೊಮ್ಮೆ ಹಾಕ್ಲಿ, ಬಿದ್ದಿದ್ದು ಬೀಳ್ಲಿ.’

ಆಗ ಮೊಮ್ಮಗಳು, ‘ಮೊನ್ನೆ ಆಯಿಗೆ ಹಿಂಗೇ ಬಿದ್ದಾಗ ನಡೀತದ ಅಂದಿದ್ರಲ್ಲ?’ ಅಂದಳು. ‘ನೀ ಸುಮ್ಕಿರು’ ಎಂದು ಮೂವರೂ ಒಂದೇ ದನಿಯಲ್ಲಿ ಗದರಿದರು. ಸೊಸೆ ಮತ್ತೆ ಹಾಕಿದಳು. ಎರಡು ಬಿತ್ತು. ಆಟ ಮುಂದೆ ಹೋಯಿತು.

ಈ ಪಂಚಾಯ್ತಿಯಲ್ಲಿ ನಾಲ್ಕು ದಾರಿ ಕಂಡವು. ಅತ್ತೆಯದು ಹಿರಿತನದ ದಾರಿ, ಸೊಸೆಯದು ವಾದದ ದಾರಿ, ನೆರೆಯಾಕೆಯದು ಮತ್ತೊಮ್ಮೆ ಹಾಕುವ ದಾರಿ, ಹುಡುಗಿಯದು ಹಿಂದಿನ ತೀರ್ಪಿನ ನೆನಪು. ಗೆದ್ದದ್ದು ಮೂರನೆಯದು. ನಮ್ಮ ಕಡೆಯ ಪಡಸಾಲೆಯ ಆಟಗಳಲ್ಲಿ ಗೆಲ್ಲುವುದು ಹೆಚ್ಚಿನ ಸಲ ಅದೇ. ಅದರಲ್ಲಿ ಯಾರ ಮುಖವೂ ಕೆಡುವುದಿಲ್ಲ, ಹೊತ್ತು ಹೋಗುವುದಿಲ್ಲ, ನ್ಯಾಯವನ್ನು ಕವಡೆಯೇ ಹೇಳಿದಂತೆ ಕಾಣುತ್ತದೆ. ನನಗೆ ಮಾತ್ರ ನಾಲ್ಕರಲ್ಲಿ ಅತಿ ಕೆಟ್ಟದ್ದು ಅದೇ ಅನ್ನಿಸುತ್ತದೆ.

ಯಾಕೆಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಅದರಲ್ಲಿ ಒಂದು ಬೀಳಲು 4 ದಾರಿ, ಎರಡಕ್ಕೆ 6, ಮೂರಕ್ಕೆ 4. ಚೌಕಕ್ಕೆ ಒಂದು, ಬಾರಕ್ಕೆ ಒಂದು. ಬಾಯಿ, ಬೆನ್ನು ಎರಡೂ ಸಮಸಮ ಬೀಳುತ್ತವೆ ಎಂದುಕೊಂಡರೆ ಬಾರ ಬೀಳುವುದು 16ರಲ್ಲಿ ಒಂದು ಸಲ. ನಿಜದ ಕವಡೆಗೆ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಹುಣಸೆ ಬೀಜವೂ ತಿಕ್ಕಿದಂತೆ ಬೀಳುತ್ತದೆ. ಕೈಯನ್ನು ನೆಲಕ್ಕೆ ತಾಗಿಸಿ ಜಾರಿಸುವ ಕಿಲಾಡಿಗಳ ಗರವೇ ಬೇರೆ, ಅದಕ್ಕೇ ‘ಕೈ ಎತ್ತಿ ಹಾಕು’ ಎಂಬ ಇನ್ನೊಂದು ತಕರಾರು ಹುಟ್ಟಿಕೊಂಡಿದ್ದು. ಲೆಕ್ಕ ಅಷ್ಟಿಷ್ಟು ಹೆಚ್ಚುಕಡಿಮೆಯಾದರೂ ಮಾತು ಅದೇ. ಬಾರ ಬಿದ್ದವಳಿಗೆ ‘ಮತ್ತೊಮ್ಮೆ ಹಾಕು’ ಎನ್ನುವುದು ಯಾರ ಕಡೆಗೂ ವಾಲದ ತೀರ್ಪಿನಂತೆ ತೋರುತ್ತದೆ, ಆದರೆ ಅದು ಅವಳ ಬಾರವನ್ನು ಕಸಿದುಕೊಳ್ಳುವ ತೀರ್ಪು. ಹದಿನಾರರಲ್ಲಿ ಹದಿನೈದು ಪಾಲು ಅವಳು ಸೋತಂತೆ. ಅತ್ತೆ ಕೇಳಿದ್ದರಲ್ಲಿ ಬಹುಪಾಲನ್ನು ನೆರೆಯಾಕೆ ಕೊಟ್ಟಳು, ಅತ್ತೆಗೆ ಕೊಟ್ಟೆ ಎಂದು ಹೇಳದೆ.

ಮತ್ತೊಮ್ಮೆ ಹಾಕುವುದಕ್ಕೂ ಒಂದು ಜಾಗ ಇದೆ. ತಕರಾರುಗಳಲ್ಲಿ ಎರಡು ಬಗೆ. ಏನು ನಡೆಯಿತು ಎನ್ನುವುದು ಒಂದು, ನಡೆದದ್ದಕ್ಕೆ ನಿಯಮ ಏನು ಎನ್ನುವುದು ಇನ್ನೊಂದು. ಕವಡೆ ಗೋಡೆಗೆ ವಾಲಿ ನಿಂತಿತು, ಬಾಯಿಯೋ ಬೆನ್ನೋ ತಿಳಿಯಲಿಲ್ಲ. ಪರಸಿಯ ಸಂದಿನಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಎಣಿಸುವ ಮೊದಲೇ ಯಾರದೋ ಸೆರಗು ತಾಗಿ ಉರುಳಿತು. ಇವೆಲ್ಲ ಮೊದಲ ಬಗೆಯವು. ಆಗ ಮತ್ತೆ ಹಾಕುವುದೇ ನ್ಯಾಯ, ನಡೆದದ್ದು ಏನೆಂದು ಹೇಳುವ ಬೇರೆ ಸಾಕ್ಷಿ ಇಲ್ಲ. ಸುರಪುರದ ಆ ಪಡಸಾಲೆಯಲ್ಲಿ ಬಿದ್ದ ಗರದ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲ. ಸಂಶಯ ಇದ್ದದ್ದು ನಿಯಮದ ಬಗ್ಗೆ. ನಿಯಮ ಯಾವುದೆಂದು ಕವಡೆಯನ್ನು ಕೇಳಿದರೆ ಅದೇನು ಹೇಳೀತು? ನಮ್ಮ ಕಟ್ಟೆಗಳು ಈ ಎರಡು ಬಗೆಯನ್ನು ಒಂದೇ ಕಣ್ಣಿನಿಂದ ನೋಡುತ್ತವೆ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಮೊದಲ ಬಗೆಯಲ್ಲೂ ಒಂದು ಸೋಮಾರಿತನ ಇದೆ. ಮೂರು ಕವಡೆ ನೆಟ್ಟಗೆ ಬೋರಲು ಬಿದ್ದಿವೆ, ನಾಲ್ಕನೆಯದೊಂದು ಗೋಡೆಗೆ ವಾಲಿದೆ. ಹಾಕಿದವನು ಬಾರ ಅನ್ನುತ್ತಾನೆ, ಎದುರಿನವನು ಒಂದು ಅನ್ನುತ್ತಾನೆ. ಆಗ ನಾಲ್ಕನ್ನೂ ಬಾಚಿಕೊಂಡು ಹೊಸದಾಗಿ ಹಾಕಿಸುವುದು ರೂಢಿ. ವಾಲಿದ್ದು ಒಂದು ಕವಡೆ, ಶಿಕ್ಷೆ ನಾಲ್ಕಕ್ಕೂ ಯಾಕೆ? ಆ ಒಂದನ್ನೇ ಎತ್ತಿ ಹಾಕಿಸಿದರೆ ಇಬ್ಬರ ಮಾತಿಗೂ ಅರ್ಧರ್ಧ ಪಾಲು ಉಳಿಯುತ್ತದೆ. ಸಂಶಯ ಎಷ್ಟಿದೆಯೋ ಅಷ್ಟಕ್ಕೇ ಮದ್ದು. ಹೀಗೆ ಮಾಡುವ ಮನೆಗಳು ಇಲ್ಲವೆಂದಲ್ಲ. ಆದರೆ ಅಲ್ಲಿ ಆಡುವವರಲ್ಲಿ ಯಾರೋ ಒಬ್ಬರು ಲೆಕ್ಕದಲ್ಲಿ ಗಟ್ಟಿ ಇರುತ್ತಾರೆ.

ಗಂಡಸರ ಕಟ್ಟೆಯ ನ್ಯಾಯ ಇನ್ನೊಂದು ರೀತಿ. ಹನುಮಪ್ಪನ ಗುಡಿಯ ಮುಂದೆ, ಬೇವಿನ ಗಿಡದ ಕೆಳಗೆ, ಆಡುವವರು ನಾಲ್ಕು ಮಂದಿಯಾದರೆ ನೋಡುವವರು ಎಂಟು ಮಂದಿ. ತಕರಾರು ಬಿತ್ತೆಂದರೆ ಎಲ್ಲರ ಕಣ್ಣು ಒಬ್ಬ ಮುತ್ಯಾನ ಕಡೆಗೆ ತಿರುಗುತ್ತದೆ. ಮುತ್ಯಾ ಬೀಡಿ ಆರಿಸಿ, ‘ಏ, ಅದು ನಡಿಯಂಗಿಲ್ಲ’ ಎಂದರೆ ಮುಗಿಯಿತು. ಇದರ ಗುಣ ಒಪ್ಪಬೇಕು. ಕ್ಷಣದಲ್ಲಿ ತೀರ್ಪು ಬರುತ್ತದೆ, ಸೋತವನಿಗೂ ‘ಮುತ್ಯಾ ಅಂದಾನ’ ಎಂಬ ಸಮಾಧಾನ ಸಿಗುತ್ತದೆ. ಕೊರತೆ ಏನೆಂದರೆ ಮುತ್ಯಾ ಕಾರಣ ಹೇಳುವುದಿಲ್ಲ. ‘ನಡಿಯಂಗಿಲ್ಲ’ ಎನ್ನುವುದು ತೀರ್ಪು. ‘ಯಾಕಂದ್ರ ಆಗಲೇ ಕೈ ಬಿಟ್ಟ ಕಾಯಿ ತಿರುಗಿ ಹಿಡಿಯಂಗಿಲ್ಲ’ ಎಂದಿದ್ದರೆ ಅದು ನಿಯಮ ಆಗುತ್ತಿತ್ತು, ನಾಳೆಗೂ ಕೆಲಸಕ್ಕೆ ಬರುತ್ತಿತ್ತು. ಕಾರಣ ಇಲ್ಲದ ತೀರ್ಪು ನಾಳೆ ತಿರುಗಿಬಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಮೊಮ್ಮಗನ ಕಾಯಿ ಸಾಯುವ ದಿನ ಮುತ್ಯಾನ ನೆನಪು ಚೂರು ಬೇರೆ ಥರ ಕೆಲಸ ಮಾಡುವುದನ್ನು ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ನೋಡುವವರ ಬಹುಮತದ ಬಗ್ಗೆ ಹೆಚ್ಚು ಹೇಳಲಾರೆ. ಅವರು ಆಗಲೇ ಪಕ್ಷ ಹಿಡಿದು ‘ಆ ಕಾಯಿ ನಡಸು’ ಎಂದು ಕಿವಿಯೂದಿದವರು. ಇನ್ನು ಆಣೆ. ಒಂದು ಕವಡೆಯ ಸಲುವಾಗಿ ತಿಂಥಣಿ ಮೋನಪ್ಪನನ್ನೂ ಮೈಲಾಪುರದ ಮಲ್ಲಯ್ಯನನ್ನೂ ಸಾಕ್ಷಿಗೆ ಎಳೆದು ತರುವ ಧೈರ್ಯವನ್ನು ಮೆಚ್ಚಬೇಕು. ಆದರೆ ಆಣೆ ಮಾಡಿದವನ ಮಾತನ್ನು ಎದುರಿನವನು ನಂಬಿದ್ದನ್ನು ನಾನು ಕಂಡಿಲ್ಲ.

ದೇವರೇ ಬಂದು ಹೇಳಿದರೂ ನಂಬದ ಕಥೆ ನಮ್ಮ ಪುರಾಣದಲ್ಲೇ ಇದೆ. ಭಾಗವತದಲ್ಲಿ ಅನಿರುದ್ಧನ ಮದುವೆಯ ಹೊತ್ತಿಗೆ ಬಲರಾಮನೂ ರುಕ್ಮಿಯೂ ಪಗಡೆಗೆ ಕೂರುತ್ತಾರೆ. ಬಲರಾಮ ಗೆದ್ದ ಗರವನ್ನು ರುಕ್ಮಿ ತನ್ನದು ಅನ್ನುತ್ತಾನೆ. ಗೆದ್ದದ್ದು ಬಲರಾಮನೇ ಎಂದು ಅಶರೀರವಾಣಿಯೇ ಸಾರುತ್ತದೆ. ರುಕ್ಮಿ ಅದಕ್ಕೂ ಕಿವಿಗೊಡದೆ, ದನ ಕಾಯುವವರಿಗೆ ಜೂಜಿನ ಮರ್ಮ ಏನು ಗೊತ್ತು ಎಂದು ಅಣಕಿಸುತ್ತಾನೆ. ಆಮೇಲೆ ಬಲರಾಮನ ಕೈಯ ಆಯುಧ ಮಾತಾಡುತ್ತದೆ, ರುಕ್ಮಿ ಸಾಯುತ್ತಾನೆ, ಹಲ್ಲು ಕಿಸಿದು ನಕ್ಕಿದ್ದ ಕಳಿಂಗದ ರಾಜನ ಹಲ್ಲು ಉದುರುತ್ತವೆ. ಪಂಚನ ಮಾತಿಗೆ ಮೊದಲೇ ಇಬ್ಬರೂ ಕಬೂಲ್ ಆಗಿರದಿದ್ದರೆ ಪಂಚ ಆಕಾಶದಿಂದ ಮಾತಾಡಿದರೂ ಪ್ರಯೋಜನ ಇಲ್ಲ.

ಮಹಾಭಾರತದ ದ್ಯೂತವನ್ನು ನಾವು ಮೋಸದ ಕಥೆ ಎಂದು ಓದುತ್ತೇವೆ. ನಿಯಮದ ತಕರಾರಿನ ಕಥೆ ಎಂದು ಓದಿದರೆ ಬೇರೆಯೇ ಕಾಣುತ್ತದೆ. ಪಣ ನನ್ನದು, ದಾಳ ಉರುಳಿಸುವವನು ಮಾವ ಶಕುನಿ ಎಂದು ದುರ್ಯೋಧನ ಹೇಳಿದ ಕೂಡಲೇ ಧರ್ಮರಾಯ ಆಕ್ಷೇಪ ಎತ್ತುತ್ತಾನೆ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಅನ್ನುತ್ತಾನೆ. ಆಕ್ಷೇಪ ಸರಿಯಾದದ್ದು, ಸರಿಯಾದ ಹೊತ್ತಿಗೆ ಬಂದದ್ದು. ಅದು ತೀರ್ಮಾನವಾಗುವ ಮುಂಚೆ ಅವನೇ ಆಟಕ್ಕೆ ಇಳಿಯುತ್ತಾನೆ. ಅಲ್ಲಿಗೆ ಅವನ ಹಕ್ಕು ಹೋಯಿತು. ಆಮೇಲೆ ದ್ರೌಪದಿಯ ಪ್ರಶ್ನೆ ಬರುತ್ತದೆ. ತನ್ನನ್ನು ತಾನು ಸೋತವನು ನನ್ನನ್ನು ಪಣಕ್ಕಿಡಬಹುದೇ ಎಂಬ ಅದು ಅಪ್ಪಟ ನಿಯಮದ ಪ್ರಶ್ನೆ. ಭೀಷ್ಮ ಧರ್ಮ ಸೂಕ್ಷ್ಮ ಎಂದು ಜಾರಿಕೊಳ್ಳುತ್ತಾನೆ. ದುರ್ಯೋಧನನ ತಮ್ಮ ವಿಕರ್ಣ ಕಾರಣ ಕೊಟ್ಟು ಉತ್ತರ ಹೇಳುತ್ತಾನೆ, ಕರ್ಣ ಅವನ ಬಾಯಿ ಮುಚ್ಚಿಸುತ್ತಾನೆ. ಪಡಸಾಲೆಯ ಮೊಮ್ಮಗಳಿಗೆ ಆದದ್ದೂ ಅದೇ. ಕೊನೆಗೆ ಧೃತರಾಷ್ಟ್ರ ವರ ಕೊಟ್ಟು ಎಲ್ಲರನ್ನೂ ಬಿಡಿಸುತ್ತಾನೆ. ಪ್ರಶ್ನೆಗೆ ಉತ್ತರ ಮಾತ್ರ ಬರುವುದಿಲ್ಲ. ಧೃತರಾಷ್ಟ್ರನ ವರ ಎಂದರೆ ನಮ್ಮ ನೆರೆಯಾಕೆಯ ‘ಇನ್ನೊಮ್ಮೆ ಹಾಕ್ಲಿ’ಯೇ. ಅಲ್ಲೂ ಇನ್ನೊಮ್ಮೆ ಹಾಕಿದರಲ್ಲ!

ಅದೇ ಗ್ರಂಥದಲ್ಲಿ ಒಳ್ಳೆಯ ತೀರ್ಪಿನ ಮಾದರಿಯೂ ಇದೆ, ಅದನ್ನು ಯಾರೂ ನೆನೆಯುವುದಿಲ್ಲ. ಅನುದ್ಯೂತದ, ಅಂದರೆ ಆ ಎರಡನೆಯ ಸಲದ ಆಟದ, ಕರಾರು 12 ವರ್ಷ ವನವಾಸ, ಒಂದು ವರ್ಷ ಅಜ್ಞಾತ. ವಿರಾಟನ ಗೋವುಗಳ ಯುದ್ಧದಲ್ಲಿ ಅರ್ಜುನ ಕಾಣಿಸಿಕೊಂಡಾಗ ಅವಧಿ ಮುಗಿದಿಲ್ಲ ಎಂದು ದುರ್ಯೋಧನ ತಗಾದೆ ತೆಗೆಯುತ್ತಾನೆ. ಈ ಸಲ ಭೀಷ್ಮ ಜಾರಿಕೊಳ್ಳುವುದಿಲ್ಲ. ಐದು ವರ್ಷಕ್ಕೆ ಎರಡು ಅಧಿಕ ಮಾಸ ಬರುತ್ತವೆ, ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ದಿನ ಹೆಚ್ಚಾಗುತ್ತದೆ, ಅವಧಿ ಮುಗಿದಿದೆ ಎಂದು ಲೆಕ್ಕ ಬಿಡಿಸಿ ಹೇಳುತ್ತಾನೆ. ತಾನು ಯಾರ ಪರವಾಗಿ ಬಿಲ್ಲು ಹಿಡಿದು ನಿಂತಿದ್ದಾನೋ ಅವರ ವಿರುದ್ಧದ ತೀರ್ಪು, ಕಾರಣ ಸಮೇತ. ಬೇವಿನ ಗಿಡದ ಕೆಳಗಿನ ಮುತ್ಯಾಗಳಿಂದ ನಾನು ಕೇಳುವುದು ಇಷ್ಟನ್ನೇ.

ಬರೆದಿಟ್ಟರೆ ಈ ತಕರಾರು ತೀರುತ್ತದೆ ಎನ್ನುವವರಿದ್ದಾರೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನು ಕಟ್ಟಿದರು, ಶ್ರೀತತ್ತ್ವನಿಧಿಯಲ್ಲಿ ಅವಕ್ಕೆ ಜಾಗ ಕೊಟ್ಟರು, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮಣೆಗಳ ಚಿತ್ರ ಬರೆಸಿದರು. ಈಚೆಗೆ ಅಲ್ಲಿಯದೇ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಆಟದ ಮಣೆಗಳಿಗೆ ಮತ್ತೆ ಜೀವ ಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಡಬ್ಬಿಯಲ್ಲಿ ಹಾಕಿ ಮಾರುವ ಚೌಕಾಬಾರಾದ ಜೊತೆ ಬರುವ ನಿಯಮದ ಹಾಳೆ ಯಾವುದೋ ಒಂದು ಮನೆಯ ‘ನಮ್ಮ ಕಡಿ’ಯನ್ನು ಅಚ್ಚು ಹಾಕಿಸಿದ್ದು, ಅಷ್ಟೇ. ಅದಕ್ಕೆ ಸುರಪುರದ ಅತ್ತೆ ಯಾಕೆ ತಲೆಬಾಗಬೇಕು? ಕೇರಂ ನೋಡಿ. ಅಖಿಲ ಭಾರತ ಕೇರಂ ಫೆಡರೇಷನ್ 1956ರಷ್ಟು ಹಿಂದೆಯೇ ಹುಟ್ಟಿತು, ಅಂತರರಾಷ್ಟ್ರೀಯ ಫೆಡರೇಷನ್ 1988ರಲ್ಲಿ ಚೆನ್ನೈನಲ್ಲೇ ಹುಟ್ಟಿತು. ಕೆಂಪಿಗೆ ಮೂರು ಪಾಯಿಂಟು ಎಂದು ಅಚ್ಚಾದ ನಿಯಮ ಇದೆ. ಯಾದಗಿರಿಯ ಸ್ಟೇಷನ್ ರಸ್ತೆಯ ಹುಡುಗರು ಕೆಂಪಿಗೆ 50, ಬಿಳಿಗೆ 20, ಕರಿಗೆ 10 ಎಂದೇ ಆಡುತ್ತಾರೆ, ಸ್ಟ್ರೈಕರ್ ಬಿದ್ದಾಗ ಎಷ್ಟು ಕಾಯಿ ತಿರುಗಿ ಇಡಬೇಕೆಂದು ಇವತ್ತಿಗೂ ಬಡಿದಾಡುತ್ತಾರೆ. ಪುಸ್ತಕ ಇರುವುದು ಟೂರ್ನಮೆಂಟಿಗೆ. ಕಟ್ಟೆಗೆ ಬೇಕಾದದ್ದು ಬೇರೆ.

ಮೊಬೈಲು ಇನ್ನೊಂದು ಉತ್ತರ ತಂದಿತು. ಪಚ್ಚೀಸಿಯೇ 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಲೂಡೋ ಆಗಿ ಬಣ್ಣ ಬಳಿದುಕೊಂಡು ವಾಪಸು ಬಂದದ್ದು ಹಳೆಯ ಮಾತು. 2016ರಲ್ಲಿ ಲೂಡೋ ಕಿಂಗ್ ಆಪ್ ಬಂತು, 2020ರ ಲಾಕ್‌ಡೌನಿನಲ್ಲಿ ಮನೆಮನೆಗೂ ಹೊಕ್ಕಿತು. ದುಡಿಯಲು ಬೆಂಗಳೂರು, ಮುಂಬೈ, ಪುಣೆಗೆ ಹೋಗಿ ಶೆಡ್ಡುಗಳಲ್ಲಿರುವ ನಮ್ಮ ಜಿಲ್ಲೆಯ ಹುಡುಗರೂ ಊರಲ್ಲಿರುವ ತಮ್ಮ ತಂಗಿಯರೂ ಒಂದೇ ಮಣೆಗೆ ಕೂರುವುದು ಸಾಧ್ಯವಾಯಿತು. ಆಪಿನಲ್ಲಿ ದಾಳ ವಾಲುವುದಿಲ್ಲ, ಮೂರು ಸಲ ಆರು ಬಿದ್ದರೆ ಏನೆಂಬುದನ್ನು ಯಂತ್ರ ಮೊದಲೇ ಬರೆದಿಟ್ಟುಕೊಂಡಿದೆ. ಕಾಯಿ ತಾನಾಗಿ ನಡೆಯುತ್ತದೆ. ‘ಹಿಂದಿನ ಸೊಗಸು ಹೋಯಿತು’ ಎಂದು ಇದನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಅತ್ತೆಯ ಮನೆಯಲ್ಲಿ ಸೊಸೆಗೆ ಸಿಗದ ನ್ಯಾಯ ಆಪಿನಲ್ಲಿ ಸಿಗುತ್ತದೆ. ಅದಕ್ಕೆ ಯಾರು ಹಿರಿಯರು, ಯಾರ ಅಂಗಳ, ಯಾರ ತವರು ಎಂಬುದು ತಿಳಿಯದು. ಈ ಒಂದು ವಿಷಯದಲ್ಲಿ ಯಂತ್ರ ನಮ್ಮ ಕಟ್ಟೆಗಿಂತ ಮೇಲು ಎಂದು ಒಪ್ಪಿಕೊಳ್ಳದೆ ಹಳೆಯ ಆಟವನ್ನು ಹೊಗಳುವುದು ಬರೀ ಬಾಯುಪಚಾರ. ಸೋತವರು ‘ಆಪ್ ಮೋಸ ಮಾಡ್ತದ, ಅವನಿಗೇ ಆರು ಹಾಕ್ತದ’ ಎಂದು ಅಲ್ಲಿಯೂ ಬೈಯುತ್ತಾರೆ ಎನ್ನುವುದು ಬೇರೆ ಮಾತು. ಆದರೆ ಅದಕ್ಕೆ ವಾದ ಕೇಳುವ ಕಿವಿ ಇಲ್ಲ. ಸೊಸೆ ಅಂದಳಲ್ಲ, ಕಡಿದ ಗರದ ಲೆಕ್ಕ ಬೇರೆ ಅಂತ, ಅಂಥ ಮಾತು ಆಪಿನ ಮುಂದೆ ಹುಟ್ಟುವುದೇ ಇಲ್ಲ.

ಆ ವಾದ ಎಷ್ಟು ಗಟ್ಟಿ? ತೂಗಿ ನೋಡಬಹುದು. ಚೌಕ ಬಿದ್ದು, ಅದರಲ್ಲೇ ಕಾಯಿಯನ್ನೂ ಕಡಿದರೆ ಈ ಮನೆಯಲ್ಲಿ ಎಷ್ಟು ಗರ ಹೆಚ್ಚಿಗೆ ಕೊಡುತ್ತಾರೆ, ಒಂದೋ ಎರಡೋ? ಎರಡು ಕೊಡುವ ಮನೆಯಾದರೆ ಚೌಕದ ಗರ ಬೇರೆ, ಕಡಿದ ಗರ ಬೇರೆ. ಆಗ ಸೊಸೆ ಹೇಳಿದ್ದು ಸರಿ, ಯಾವ ಗರ ಮೊದಲು ಹಾಕುತ್ತೇನೆ ಎಂದು ಮೊದಲೇ ಹೇಳಿದ್ದರೆ ಇನ್ನೂ ಸರಿ. ಒಂದೇ ಕೊಡುವ ಮನೆಯಾದರೆ ಎರಡು ಇನಾಮೂ ಒಂದೇ ಗರದಲ್ಲಿ ಕೂಡಿಹೋದವು, ಮೂರರ ಎಣಿಕೆ ತುಂಡಾಗಲಿಲ್ಲ. ಆಗ ಅತ್ತೆ ಹೇಳಿದ್ದು ಸರಿ. ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅದಕ್ಕೆ ಉತ್ತರ ಹೇಳುವವರಿಗೆ ಅದರಿಂದ ಯಾರ ಕಾಯಿ ಉಳಿಯುತ್ತದೆ ಎಂಬುದು ಕೂಡಲೇ ಹೊಳೆಯುವುದಿಲ್ಲ, ಅದರಿಂದಲೇ ಆ ಉತ್ತರವನ್ನು ನಂಬಬಹುದು. ಇನ್ನು ಸುಟ್ಟ ಮೇಲೆ ಸತ್ತ ಕಾಯಿ ಎದ್ದು ಬರಬೇಕೋ? ಬೇಡ ಎನ್ನುತ್ತೇನೆ. ಮೂರೂ ಗರ ಹಾಕಿ ಮುಗಿಸಿ ಆಮೇಲೆ ಕಾಯಿ ನಡೆಸುವ ಮನೆಯಲ್ಲಿ ಸುಡುವುದು ಸುಲಭ, ನಡೆದದ್ದೇನೂ ಇರುವುದಿಲ್ಲ. ಬಿದ್ದಬಿದ್ದಂತೆ ನಡೆಸುವ ಮನೆಯಲ್ಲಿ ಎಲ್ಲರ ಕಣ್ಣೆದುರು ನಡೆದು, ಎಲ್ಲರೂ ಒಪ್ಪಿ, ಮುಂದಿನ ಗರವೂ ಬಿದ್ದಾಗಿದೆ. ಮೂರನೆಯದು ಸುಡಲಿ, ಹಿಂದಿನ ಎರಡು ಉಳಿಯಲಿ. ಅಂದರೆ ಒಂದೇ ಗರ ಕೊಡುವ ಮನೆಯಲ್ಲಿ ಸೊಸೆಯ ಬಾರ ಹೋಗುತ್ತದೆ, ಅತ್ತೆಯ ಕಾಯಿಯೂ ಹೋಗುತ್ತದೆ.

ಇಷ್ಟೆಲ್ಲ ಪಂಚಾಯ್ತಿ ಇಲ್ಲದೆ ಆಡುವವರೂ ಇದ್ದಾರೆ, ಅವರು ಸಾಲಿಯ ಮಕ್ಕಳು. ಊಟದ ಬಿಡುವಿನಲ್ಲಿ ಮಣೆ ಬರೆಯುವ ಮೊದಲೇ ಅವರಲ್ಲೊಬ್ಬ ಕೂಗಿ ಹೇಳುತ್ತಾನೆ: ‘ಮೂರು ಬಿದ್ರ ಸುಟ್ಟಂಗ, ಕಡದ್ರ ಇನ್ನೊಂದು ಗರ, ಜೋಡಿ ಕಡಿಯಂಗಿಲ್ಲ, ಹೂಂ ಅನ್ರಿ.’ ಉಳಿದವರು ಹೂಂ ಅನ್ನುತ್ತಾರೆ. ದೊಡ್ಡವರಿಗೆ ಹೀಗೆ ಕೇಳಲು ಸಂಕೋಚ, ತಮ್ಮ ಮನೆಯ ನಿಯಮವೇ ಜಗತ್ತಿನ ನಿಯಮ ಎಂಬ ಭರವಸೆ. ಮಕ್ಕಳ ಕ್ರಮವೂ ಪೂರ್ತಿಯಲ್ಲ, ಯಾವ ನಿಯಮ ಯಾವುದಕ್ಕೆ ಡಿಕ್ಕಿ ಹೊಡೆಯುತ್ತದೆ ಎಂದು ಅವರಿಗೂ ಮೊದಲೇ ಹೊಳೆಯುವುದಿಲ್ಲ. ಹೊಳೆಯದ್ದು ಎದುರಾದಾಗ ಅವರು ಮಾಡುವುದು ಮಾತ್ರ ನನಗೆ ಬಹಳ ಇಷ್ಟ. ‘ಈ ಆಟಕ್ಕ ಬ್ಯಾಡ, ಮುಂದಿನ ಆಟದಿಂದ’ ಅನ್ನುತ್ತಾರೆ. ಹೊಸ ನಿಯಮ ಮುಂದಿನ ಆಟದಿಂದ ಜಾರಿಯಾದರೆ ಅದರಲ್ಲಿ ಯಾರಿಗೆ ಲಾಭ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಒಂದು ತಕರಾರು ಮಾತ್ರ ಹೀಗೂ ತೀರುವುದಿಲ್ಲ. ಇಬ್ಬರೇ ಆಡುತ್ತಿದ್ದಾರೆ. ಒಬ್ಬ ಒಂದು ಕಾಯಿಯನ್ನೂ ಕಡಿದಿಲ್ಲ. ಇನ್ನೊಬ್ಬನ ನಾಲ್ಕೂ ಕಾಯಿ ಒಳಸುತ್ತಿಗೆ ಹೋಗಿಬಿಟ್ಟಿವೆ. ಕಡಿಯದವನಿಗೆ ಒಳಗೆ ಪ್ರವೇಶ ಇಲ್ಲ, ಹೊರಗೆ ಕಡಿಯಲು ಕಾಯಿ ಇಲ್ಲ. ಸುಮ್ಮನೆ ಹೊರಸುತ್ತು ಹಾಕುತ್ತಲೇ ಇರಬೇಕು. ಮೂರು ನಾಲ್ಕು ಮಂದಿ ಆಡುವಾಗ ಒಳಗಿನವರು ಒಬ್ಬರನ್ನೊಬ್ಬರು ಕಡಿದು ಯಾರಾದರೂ ಹೊರಗೆ ಬಿದ್ದಾರು ಎಂಬ ಆಸೆ ಇರುತ್ತದೆ. ಇಬ್ಬರಲ್ಲಿ ಅದೂ ಇಲ್ಲ. ಕೆಲವು ಮನೆಗಳಲ್ಲಿ ‘ಪಾಪ, ಬರ್ಲಿ ಬಿಡು’ ಎಂದು ಒಳಗೆ ಬಿಡುತ್ತಾರೆ, ಕೆಲವು ಮನೆಗಳಲ್ಲಿ ಅಲ್ಲಿಗೇ ಆಟ ಮುಗಿಸುತ್ತಾರೆ. ನಾನು ಮುಗಿಸುವವರ ಕಡೆ. ಕಡಿಯದೆ ಒಳಗಿಲ್ಲ ಎಂಬುದು ಈ ಆಟದ ಬೆನ್ನೆಲುಬು, ಅದಿಲ್ಲದಿದ್ದರೆ ಎಲ್ಲರೂ ಗಟ್ಟಿ ಮನೆಯಿಂದ ಗಟ್ಟಿ ಮನೆಗೆ ಹೆಜ್ಜೆ ಎಣಿಸುತ್ತ ಹೋಗುತ್ತಾರೆ, ಯಾರೂ ಯಾರ ತಂಟೆಗೂ ಬರುವುದಿಲ್ಲ. ‘ಸಣ್ಣ ಹುಡುಗ ಆಡಲಿಕತ್ತಾನ, ಹಂಗ ಹೊರಗ ನಿಲ್ಲಿಸ್ತೀಯೇನು?’ ಎಂದು ಕೇಳುವವರಿದ್ದಾರೆ. ಸಣ್ಣ ಹುಡುಗನ ಜೊತೆ ಆಡುವವರು ತಮ್ಮದೊಂದು ಕಾಯಿಯನ್ನು ಹೊರಗೆ ಉಳಿಸಿಕೊಂಡರೆ ಆಯಿತು. ಅದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ.